ಅಗತ್ತಿಯಿಂದ ಪೋರ್ಟ್ ಬ್ಲೇರ್‌ಗೆ ಎಷ್ಟು ದೂರ, ಎಷ್ಟು ಹೊತ್ತು?

ಪ್ರಶ್ನೆ: ನಾನು ಕಾರವಾರದ ಕೋಡಿಬಾಗದವಳು. ಮಗಳು ಲಕ್ಷದ್ವೀಪದ ಅಗತ್ತಿಯಲ್ಲಿ ಆಸ್ಪತ್ರೆಯ ಕೆಲಸದಲ್ಲಿದ್ದಾಳೆ. ಮಗ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿದ್ದಾನೆ. ಈ ಸಲ ಮಗಳ ಮನೆಯಲ್ಲಿ ಎಂಟು ದಿನ ಇದ್ದು, ಅಲ್ಲಿಂದ ಹಾಗೆಯೇ ಮಗನ ಮನೆಗೆ ಹೋಗಬೇಕೆಂದಿದ್ದೇನೆ. ಮೊಮ್ಮಗ ಮೊಬೈಲಿನಲ್ಲಿ ಹುಡುಕಿ, ‘ಅಜ್ಜಿ, 2,243 ಕಿಲೋಮೀಟರ್, 2 ಗಂಟೆ 47 ನಿಮಿಷ ಅಷ್ಟೇ’ ಎಂದ. ಟಿಕೆಟ್ ಮಾಡಿಸಲು ಹೋದರೆ ಏಜೆಂಟರು ಎರಡು ದಿನ ಹಿಡಿಯುತ್ತದೆ ಎನ್ನುತ್ತಾರೆ. ಯಾರ ಮಾತು ಸರಿ? ಇನ್ನೂ ಒಂದು ಸಂಶಯ. ಸಂಜೆ ಫೋನ್ ಮಾಡಿದರೆ ಮಗನ ಮನೆಯಲ್ಲಿ ಕತ್ತಲಾಗಿರುತ್ತದೆ, ಮಗಳ ಮನೆಯಲ್ಲಿ ಇನ್ನೂ ಬಿಸಿಲು. ಇಬ್ಬರ ಗಡಿಯಾರದಲ್ಲೂ ಒಂದೇ ಗಂಟೆ. ಪ್ರಯಾಣದ ಲೆಕ್ಕಕ್ಕೆ ಇದನ್ನೂ ಸೇರಿಸಬೇಕೆ?

ಉತ್ತರ: ಅಕ್ಕಾ, ಮೊಮ್ಮಗ ಓದಿ ಹೇಳಿದ ದೂರ ಸರಿಯಾಗಿದೆ. ಏಜೆಂಟರು ಹೇಳಿದ ಹೊತ್ತೂ ಸರಿಯಾಗಿದೆ. ತಪ್ಪಿರುವುದು ಆ 2 ಗಂಟೆ 47 ನಿಮಿಷ ಮಾತ್ರ. ವಿಮಾನಗಳ ಹಾದಿ, ಇಂಧನ, ಭಾರದ ಲೆಕ್ಕ ಹಾಕುವ ಕೆಲಸದಲ್ಲೇ ನನ್ನ ನೌಕರಿ ಕಳೆಯಿತು. ಈಗ ಶಿರಸಿಯಲ್ಲಿದ್ದೇನೆ. ಹಾಗಾಗಿ ಈ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಮೊದಲು ದೂರ. ನನ್ನ ಮೇಜಿನ ಮೇಲೆ 30 ಸೆಂಟಿಮೀಟರ್ ಅಡ್ಡಗಲದ ಹಳೆಯ ಭೂಗೋಳವೊಂದಿದೆ. ನಿಮ್ಮ ಪತ್ರ ಓದಿದ ಕೂಡಲೇ ಹೂ ಕಟ್ಟುವ ದಾರದ ಒಂದು ತುಂಡು ತೆಗೆದುಕೊಂಡು ಒಂದು ತುದಿಯನ್ನು ಅಗತ್ತಿಯ ಮೇಲೆ, ಇನ್ನೊಂದನ್ನು ಪೋರ್ಟ್ ಬ್ಲೇರ್ ಮೇಲೆ ಇಟ್ಟು ಬಿಗಿಯಾಗಿ ಎಳೆದೆ. ಅಳೆದಾಗ ಐದೂಕಾಲು ಸೆಂಟಿಮೀಟರ್ ಬಂತು. ಆ ಭೂಗೋಳದಲ್ಲಿ ಒಂದು ಸೆಂಟಿಮೀಟರ್ ಎಂದರೆ ಸುಮಾರು 425 ಕಿಲೋಮೀಟರ್. ಗುಣಿಸಿ ನೋಡಿ, 2,230ರ ಆಸುಪಾಸು ಬರುತ್ತದೆ. ಮೊಬೈಲು ಮಾಡುವುದೂ ಇದನ್ನೇ, ದಾರದ ಬದಲು ತ್ರಿಕೋನಮಿತಿಯಿಂದ. ಅಗತ್ತಿ ವಿಮಾನ ನಿಲ್ದಾಣ ಉತ್ತರ ಅಕ್ಷಾಂಶ 10.82 ಡಿಗ್ರಿ, ಪೂರ್ವ ರೇಖಾಂಶ 72.18 ಡಿಗ್ರಿಯಲ್ಲಿದೆ. ಪೋರ್ಟ್ ಬ್ಲೇರ್ ನಿಲ್ದಾಣ 11.64 ಮತ್ತು 92.73ರಲ್ಲಿದೆ. ಇವೆರಡರ ನಡುವೆ ಭೂಮಿಯ ಮೈಮೇಲೆ ಎಳೆದ ಅತಿ ಚಿಕ್ಕ ಗೆರೆಯ ಉದ್ದ 2,243 ಕಿಲೋಮೀಟರ್, ಅಂದರೆ 1,211 ನಾಟಿಕಲ್ ಮೈಲು. ಭೂಮಿ ನಿಂಬೆಹಣ್ಣಿನಂತೆ ಗುಂಡಗಿದೆ ಎಂದು ಭಾವಿಸಿ ಹಾಕಿದ ಲೆಕ್ಕ ಇದು. ನಿಜವಾದ ಭೂಮಿ ನಡುವಿನಲ್ಲಿ ತುಸು ಉಬ್ಬಿದೆ. ಅದನ್ನು ಲೆಕ್ಕಕ್ಕೆ ಹಿಡಿದರೆ ಎರಡು ಮೂರು ಕಿಲೋಮೀಟರ್ ಹೆಚ್ಚು ಬರುತ್ತದೆ, ನಿಮ್ಮ ಪ್ರಯಾಣಕ್ಕೆ ಅದರಿಂದ ಏನೂ ಆಗುವುದಿಲ್ಲ.

ಭೂಪಟದ ಮೇಲೆ ವಿಮಾನದ ಹಾದಿ ಬಿಲ್ಲಿನಂತೆ ಬಾಗಿರುವುದನ್ನು ನೀವು ನೋಡಿರಬಹುದು. ದೆಹಲಿಯಿಂದ ಅಮೆರಿಕಕ್ಕೆ ಹೋಗುವ ವಿಮಾನ ಉತ್ತರಧ್ರುವದ ಕಡೆಗೆ ಏರಿ ಇಳಿಯುವುದು ಹೀಗೆಯೇ. ನಿಮ್ಮ ದಾರಿಯಲ್ಲಿ ಆ ಬಾಗು ಕಾಣುವುದಿಲ್ಲ. ಭೂಮಧ್ಯರೇಖೆಗೆ ಇಷ್ಟು ಹತ್ತಿರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೋಗುವಾಗ ಬಾಗಿದ ಗೆರೆಗೂ ನೇರ ಗೆರೆಗೂ ಗಮನಿಸುವಷ್ಟು ವ್ಯತ್ಯಾಸವಿಲ್ಲ. ಗೆರೆಯನ್ನು ಹಿಂಬಾಲಿಸಿದರೆ ಅಗತ್ತಿಯಿಂದ ಹೊರಟು, ಕೋಯಿಕ್ಕೋಡಿನ ದಕ್ಷಿಣಕ್ಕೆ ಕೇರಳದ ದಡ ಹತ್ತಿ, ಕೊಯಮತ್ತೂರಿನ ಉತ್ತರದ ಮಗ್ಗುಲಲ್ಲಿ ಹಾದು, ಚಿದಂಬರದ ದಕ್ಷಿಣಕ್ಕೆ ಬಂಗಾಳಕೊಲ್ಲಿಗೆ ಇಳಿದು, ಆಮೇಲೆ ನೀರೇ ನೀರು.

ಈಗ ಆ 2 ಗಂಟೆ 47 ನಿಮಿಷಕ್ಕೆ ಬರೋಣ. 2,243ನ್ನು 805ರಿಂದ ಭಾಗಿಸಿ, ಉತ್ತರ 2.79 ಗಂಟೆ. ನಿಮಿಷಕ್ಕೆ ತಿರುಗಿಸಿದರೆ 2 ಗಂಟೆ 47 ನಿಮಿಷ. ಗಂಟೆಗೆ 805 ಕಿಲೋಮೀಟರ್ ಎಂದರೆ 500 ಮೈಲು. ಜೆಟ್ ವಿಮಾನದ ಸರಾಸರಿ ವೇಗವೆಂದು ಯಾರೋ ಹಿಡಿದ ಒಂದು ದುಂಡು ಸಂಖ್ಯೆ. ಆ ಯಂತ್ರಕ್ಕೆ ಎರಡು ಊರು ಕೊಟ್ಟರೆ ದೂರ ಅಳೆಯುತ್ತದೆ, 805ರಿಂದ ಭಾಗಿಸುತ್ತದೆ, ಉತ್ತರ ತೋರಿಸುತ್ತದೆ. ಅಲ್ಲಿ ವಿಮಾನ ಇದೆಯೋ ಇಲ್ಲವೋ ಅದು ಕೇಳುವುದಿಲ್ಲ. ಅಗತ್ತಿಯಲ್ಲಿ ಜೆಟ್ ಇಳಿಯುತ್ತದೆಯೇ ಎಂದೂ ನೋಡುವುದಿಲ್ಲ. ವಯಸ್ಸಾದವರು, ಕಾಯಿಲೆಯವರು ಇಂಥ ಸಂಖ್ಯೆಯನ್ನು ನಂಬಿ ಮುಂದಿನ ಟಿಕೆಟ್ ತೆಗೆದು ಪೇಚಾಡಿದ್ದನ್ನು ನಾನು ಕಂಡಿದ್ದೇನೆ. ಅದಕ್ಕೇ ಈ ವಿಷಯ ಬಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ.

ನಮ್ಮ ಕರಾವಳಿಯವರಿಗೆ ಇದು ಹೊಸ ಸಂಗತಿಯೇನಲ್ಲ. ತದಡಿಯ ದಕ್ಕೆಯ ಮೇಲೆ ನಿಂತರೆ ಎದುರು ದಡದ ಅಘನಾಶಿನಿ ಊರಿನ ತೆಂಗಿನ ಮರಗಳು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ದೋಣಿ ಸಿಕ್ಕಿದರೆ ಹತ್ತು ನಿಮಿಷದ ದಾರಿ. ದೋಣಿ ಹೊರಟುಹೋಗಿದ್ದರೆ ಹೆದ್ದಾರಿ ಹಿಡಿದು ಕುಮಟಾ ಸುತ್ತಿ ಬರಬೇಕು. ನದಿಯ ಅಗಲ ಎರಡೂ ಹೊತ್ತಿನಲ್ಲಿ ಅಷ್ಟೇ ಇರುತ್ತದೆ. ಅಗತ್ತಿಗೂ ಪೋರ್ಟ್ ಬ್ಲೇರಿಗೂ ನಡುವೆ ನೇರ ದೋಣಿ ಇಲ್ಲ, ಅಂದರೆ ನೇರ ವಿಮಾನ ಇಲ್ಲ. ಏಕೆ ಇಲ್ಲ ಎಂಬುದೇ ಇಡೀ ವಿಷಯದ ತಿರುಳು.

ಅಗತ್ತಿ ಕಿರುಬೆರಳಿನಂತೆ ಸಣಕಲು ದ್ವೀಪ. ಅತ್ಯಂತ ಅಗಲವಾದ ಜಾಗದಲ್ಲೂ ಒಂದು ಕಿಲೋಮೀಟರ್ ಅಷ್ಟೇ. ವಿಮಾನ ನಿಲ್ದಾಣ ಇರುವುದು ಅದರ ದಕ್ಷಿಣದ ಬಾಲದಲ್ಲಿ, ದ್ವೀಪ ಇನ್ನೂ ಸಪುರಾಗುವ ಕಡೆ. 1988ರಲ್ಲಿ ಅದು ಬಳಕೆಗೆ ಬಂತು. ಅದರ ರನ್‌ವೇ ಸುಮಾರು 1,200 ಮೀಟರ್ ಉದ್ದ, 30 ಮೀಟರ್ ಅಗಲ. ನಾನು ಮೊದಲ ಸಲ ಕಿಟಕಿಯಿಂದ ನೋಡಿದಾಗ ನೀರಿನ ಮೇಲೆ ಯಾರೋ ಅಳತೆಪಟ್ಟಿ ಮರೆತು ಹೋಗಿದ್ದಾರೆ ಎನ್ನಿಸಿತ್ತು. ಒಂದು ಪಕ್ಕ ಹಸಿರು ನೀಲಿ ಲಗೂನು (ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರು), ಇನ್ನೊಂದು ಪಕ್ಕ ಕಡುನೀಲಿ ಸಮುದ್ರ, ರನ್‌ವೇ ಮುಗಿದ ಕಡೆ ಬಿಳಿ ಮರಳು, ಮರಳು ಮುಗಿದ ಕಡೆ ಅಲೆ. ಅಲ್ಲಿಗೆ ಹೋಗುವ ಎಟಿಆರ್ 72 ವಿಮಾನದ ರೆಕ್ಕೆಗಳ ಹರವು 27 ಮೀಟರ್. ಅಂದರೆ ರನ್‌ವೇಯ ನಟ್ಟನಡುವೆ ನಿಂತಾಗ ರೆಕ್ಕೆಯ ತುದಿಯಿಂದ ಡಾಂಬರಿನ ಅಂಚಿಗೆ ಎರಡೂ ಕಡೆ ಒಂದೂವರೆ ಮೀಟರ್ ಉಳಿಯುತ್ತದೆ.

ಕಾರವಾರದವರಿಗೆ ಇದನ್ನು ಕಣ್ಣಾರೆ ತಿಳಿಯುವ ಒಂದು ಉಪಾಯವಿದೆ. ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಪಕ್ಕದಲ್ಲೇ ನೌಕಾಪಡೆಯ ಟುಪೊಲೆವ್ 142 ವಿಮಾನವನ್ನು ತಂದು ನಿಲ್ಲಿಸಿದ್ದಾರಲ್ಲ, ಮೊಮ್ಮಗನನ್ನು ಕರೆದುಕೊಂಡು ಒಮ್ಮೆ ಅಲ್ಲಿಗೆ ಹೋಗಿ. ಅದರ ರೆಕ್ಕೆಗಳ ಹರವು ಸುಮಾರು 50 ಮೀಟರ್. ಅಗತ್ತಿಯ ರನ್‌ವೇಯನ್ನು ತಂದು ಅದರ ಕೆಳಗೆ ಹಾಸಿದರೆ ರೆಕ್ಕೆಗಳು ಎರಡೂ ಕಡೆ ಹತ್ತು ಹತ್ತು ಮೀಟರ್ ಹೊರಗೆ ಚಾಚಿಕೊಂಡಿರುತ್ತವೆ. ಆ ವಿಮಾನ 1988ರಿಂದ 2017ರವರೆಗೆ ನಮ್ಮ ಸಮುದ್ರಗಳ ಮೇಲೆ ಕಾವಲು ಹಾರಿತು. ಎರಡು ದ್ವೀಪಗಳ ನಡುವೆ ಹೋಗಿ ಬಂದು ಮತ್ತೊಮ್ಮೆ ಹೋಗುವಷ್ಟು ಇಂಧನ ಅದಕ್ಕೆ ಹಿಡಿಯುತ್ತಿತ್ತು. ಆದರೆ ಅಗತ್ತಿಯಲ್ಲಿ ಅದು ಇಳಿಯುವಂತಿರಲಿಲ್ಲ. ಹತ್ತಿರ ಹೋದಾಗ ಎಂಜಿನುಗಳನ್ನು ಗಮನಿಸಿ, ಒಂದೊಂದು ಎಂಜಿನಿಗೂ ಎರಡು ಪ್ರೊಪೆಲರ್, ಒಂದರ ಹಿಂದೆ ಒಂದು, ಎದುರುಬದುರು ದಿಕ್ಕಿಗೆ ತಿರುಗುವಂಥವು. ಪ್ರೊಪೆಲರ್ ಇದ್ದ ಮಾತ್ರಕ್ಕೆ ವಿಮಾನ ನಿಧಾನ ಎಂದು ತಿಳಿಯುವವರಿಗೆ ಅದು ಒಳ್ಳೆಯ ಉತ್ತರ.

ಬೆಂಗಳೂರಿನಿಂದ ಹಾರುವ ಸಾಮಾನ್ಯ ಜೆಟ್‌ಗೆ ಪ್ರಯಾಣಿಕರು, ಸಾಮಾನು, ಇಂಧನ ತುಂಬಿಕೊಂಡು ಏರಲು ಎರಡು ಸಾವಿರ ಮೀಟರಿನ ಆಸುಪಾಸು ರನ್‌ವೇ ಬೇಕು. ಅಗತ್ತಿಯ 1,200 ಮೀಟರ್ ಅದಕ್ಕೆ ಏನೇನೂ ಸಾಲದು. ಹಾಗಾಗಿ ಅಲ್ಲಿಗೆ ಎಟಿಆರ್‌ನಂಥ ಪ್ರೊಪೆಲರ್ ವಿಮಾನವೋ ಅದಕ್ಕಿಂತ ಚಿಕ್ಕದಾದ ಡಾರ್ನಿಯರೋ ಹೋಗಬೇಕು. ಎಟಿಆರ್ ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗದ್ದು. ಜನರನ್ನು ತುಂಬಿಕೊಂಡು ಅದು ಹಾರಬಲ್ಲ ದೂರ 1,500 ಕಿಲೋಮೀಟರಿನ ಆಸುಪಾಸು. ಪೋರ್ಟ್ ಬ್ಲೇರ್ 2,243ರಲ್ಲಿದೆ. ನೋಡಿ, ಇಲ್ಲೇ ಗಂಟು ಬಿದ್ದಿರುವುದು: ಅಗತ್ತಿಯಲ್ಲಿ ಇಳಿಯಬಲ್ಲ ವಿಮಾನ ಪೋರ್ಟ್ ಬ್ಲೇರ್ ಮುಟ್ಟಲಾರದು, ಪೋರ್ಟ್ ಬ್ಲೇರ್ ಮುಟ್ಟಬಲ್ಲ ವಿಮಾನ ಅಗತ್ತಿಯಲ್ಲಿ ಇಳಿಯಲಾರದು. ಪೋರ್ಟ್ ಬ್ಲೇರಿನಲ್ಲಿ ಆ ತೊಂದರೆ ಇಲ್ಲ. ಅಲ್ಲಿನ ರನ್‌ವೇ 3,290 ಮೀಟರ್, ನೌಕಾಪಡೆಯ ಉತ್ಕ್ರೋಶ ನೆಲೆಯದ್ದು. ನಮ್ಮ ಕಾರವಾರದ ಕದಂಬ ನೌಕಾನೆಲೆಯವರು ಆ ಹೆಸರನ್ನು ಬಲ್ಲರು. ನಾಗರಿಕ ವಿಮಾನಗಳೂ ಅದನ್ನೇ ಬಳಸುತ್ತವೆ.

ರನ್‌ವೇ ಚಿಕ್ಕದಾದರೆ ಇನ್ನೊಂದು ತೊಡಕೂ ಇದೆ. ನಿಮ್ಮ ಕೈಚೀಲಕ್ಕೂ ಅದು ಸಂಬಂಧಪಟ್ಟದ್ದು. ಎಟಿಆರ್ ಪೂರ್ತಿ ಭಾರ ಹೊತ್ತು ಏರಬೇಕಾದರೆ 1,300 ಮೀಟರಿನಷ್ಟು ರನ್‌ವೇ ಬೇಕು. 1,200ರಿಂದ ಏರಬೇಕಾದರೆ ಭಾರ ಇಳಿಸಬೇಕು. ಬಿಸಿಲು ಏರಿದಷ್ಟೂ ಗಾಳಿ ತೆಳುವಾಗುತ್ತದೆ, ರೆಕ್ಕೆ ಎತ್ತುವ ಶಕ್ತಿ ಕಡಿಮೆಯಾಗುತ್ತದೆ, ಇನ್ನಷ್ಟು ಭಾರ ಇಳಿಸಬೇಕಾಗುತ್ತದೆ. ಇಂಧನ ಇಳಿಸುವಂತಿಲ್ಲ, ಅದು ಜೀವದ ಮಾತು. ಉಳಿದದ್ದು ಜನ ಮತ್ತು ಸಾಮಾನು. ಅದಕ್ಕೇ ಆ ದಾರಿಯಲ್ಲಿ ಕೆಲವು ಸೀಟು ಖಾಲಿ ಬಿಡುತ್ತಾರೆ. ಸಾಮಾನಿನ ಕಿಲೋ ಲೆಕ್ಕದಲ್ಲೂ ಕೈ ಬಿಗಿ ಮಾಡುತ್ತಾರೆ. ಮಗಳಿಗೆ ಅಪ್ಪೆಮಿಡಿ ಉಪ್ಪಿನಕಾಯಿ, ಕೋಕಂ ಸಿಪ್ಪೆ, ಒಣಮೀನು ಎಲ್ಲ ಕಟ್ಟುವ ಮೊದಲು ಟಿಕೆಟಿನಲ್ಲಿ ಬರೆದಿರುವ ತೂಕವನ್ನು ಓದಿಕೊಳ್ಳಿ. ಮನೆಯಲ್ಲೇ ತೂಗಿ ಕಟ್ಟಿ.

ದೂರದ ದ್ವೀಪಕ್ಕೆ ಹಾರುವಾಗ ಇಂಧನದ ಲೆಕ್ಕ ಒಳನಾಡಿನ ಹಾರಾಟದಂತಲ್ಲ. ಹುಬ್ಬಳ್ಳಿಯಲ್ಲಿ ಮಂಜು ಕವಿದಿದ್ದರೆ ಬೆಳಗಾವಿಗೋ ಗೋವಾಕ್ಕೋ ತಿರುಗಬಹುದು. ದ್ವೀಪದಲ್ಲಿ ಮಳೆ ಕವಿದರೆ ಸುತ್ತಲೂ ನೀರು. ಆದ್ದರಿಂದ ಅಲ್ಲಿಯವರೆಗೆ ಹೋಗಿ, ಸ್ವಲ್ಪ ಹೊತ್ತು ಸುತ್ತು ಹಾಕಿ, ಇಳಿಯಲಾಗದೆ ಮತ್ತೆ ದಡದ ಬದಲಿ ನಿಲ್ದಾಣಕ್ಕೆ ಬರುವಷ್ಟು ಇಂಧನ ತುಂಬಿಕೊಂಡೇ ಹೊರಡಬೇಕು. ಹಾದಿಯ ನಡುವೆ ಒಂದು ಬಿಂದುವನ್ನೂ ಮೊದಲೇ ಗುರುತು ಮಾಡಿಡುತ್ತೇವೆ. ಅಲ್ಲಿ ತೊಂದರೆಯಾದರೆ ಮುಂದೆ ಹೋಗುವುದಕ್ಕೂ ಹಿಂದೆ ಬರುವುದಕ್ಕೂ ಒಂದೇ ಹೊತ್ತು ಹಿಡಿಯುತ್ತದೆ. ಅದು ದೂರದ ಅರ್ಧದಲ್ಲಿ ಇರುತ್ತದೆ ಎಂದು ಹೊಸಬರು ತಿಳಿಯುತ್ತಾರೆ, ಗಾಳಿ ಬೀಸುತ್ತಿದ್ದರೆ ಹಾಗಲ್ಲ. ಎದುರುಗಾಳಿ ಇದ್ದರೆ ಆ ಬಿಂದು ಗಾಳಿ ಬರುವ ಕಡೆಗೆ, ಅಂದರೆ ತಲುಪಬೇಕಾದ ಊರಿನ ಕಡೆಗೆ ಸರಿಯುತ್ತದೆ. ಏಕೆಂದರೆ ಹಿಂತಿರುಗಿದರೆ ಅದೇ ಗಾಳಿ ಬೆನ್ನಿಗೆ ಬಂದು ನೂಕುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಮೊದಲು ಕಲಿಸುತ್ತಿದ್ದ ಪಾಠ ಇದು.

ಹಾಗೆ ಹಿಂತಿರುಗಿದ ಪ್ರಯಾಣವೊಂದನ್ನು ಪ್ರಯಾಣಿಕನಾಗಿಯೇ ಅನುಭವಿಸಿದ್ದೇನೆ. ಕೊಚ್ಚಿಯಿಂದ ಅಗತ್ತಿಗೆ, ಜೂನ್ ತಿಂಗಳು. ಒಂದೂವರೆ ಗಂಟೆಯ ದಾರಿ. ನನ್ನ ಪಕ್ಕದಲ್ಲಿ ಕುಳಿತಿದ್ದ ಹೆಂಗಸಿನ ಮಡಿಲಲ್ಲಿ ಸೇವಂತಿಗೆಯ ಸಣ್ಣ ಪೊಟ್ಟಣ ಇತ್ತು, ಯಾರದೋ ಮದುವೆಗೆಂದು. ದ್ವೀಪದ ಮೇಲೆ ಬಂದಾಗ ಮೋಡದ ಸಂದಿಯಲ್ಲಿ ಲಗೂನಿನ ಹಸಿರು ಒಮ್ಮೆ ಹೊಳೆದು ಮರೆಯಾಯಿತು. ವಿಮಾನ ಇಳಿಯಲು ಬಾಗಿತು, ಮಳೆಯ ಪರದೆ ಕವಿಯಿತು, ಎಂಜಿನುಗಳು ಗರ್ಜಿಸಿ ನಾವು ಮತ್ತೆ ಮೇಲೆ. ಇನ್ನೊಂದು ಸುತ್ತು, ಮತ್ತೆ ಹಾಗೆಯೇ. ಆಮೇಲೆ ಪೈಲಟ್ ಕೊಚ್ಚಿಗೆ ಹಿಂತಿರುಗುತ್ತಿದ್ದೇವೆ ಎಂದರು. ಆ ಹೆಂಗಸು ಏನೂ ಮಾತಾಡಲಿಲ್ಲ, ಪೊಟ್ಟಣ ಬಿಚ್ಚಿ ಹೂವಿನ ಮೇಲೆ ಬಾಟಲಿಯ ನೀರು ಚಿಮುಕಿಸಿ ಮತ್ತೆ ಕಟ್ಟಿದರು. ಮೂರು ಗಂಟೆ ಹಾರಿ ಹೊರಟಲ್ಲಿಗೇ ಬಂದು ಇಳಿದೆವು. ಪೈಲಟ್ ಮಾಡಿದ್ದು ನೂರಕ್ಕೆ ನೂರು ಸರಿ. 1,200 ಮೀಟರಿನ ಒದ್ದೆ ರನ್‌ವೇ ಮೇಲೆ ಎರಡು ಮನಸ್ಸು ಇಟ್ಟುಕೊಂಡು ಇಳಿಯಬಾರದು. ಆದರೆ ಆ ದಿನದ ಆ ಮದುವೆಮನೆಗೆ 470 ಕಿಲೋಮೀಟರ್ ಎಷ್ಟು ದೂರವಾಗಿತ್ತು ಎಂಬುದನ್ನು ಯಾವ ಮೊಬೈಲೂ ತೋರಿಸಲಾರದು.

ರನ್‌ವೇ ಒಂದು ಉದ್ದವಾದರೆ ಎಲ್ಲವೂ ಸರಿಯಾಗುತ್ತದೆ ಎಂದೂ ತಿಳಿಯಬೇಡಿ. ನೆಪೋಲಿಯನ್ ಸೆರೆಯಲ್ಲಿದ್ದು ಸತ್ತ ಸೇಂಟ್ ಹೆಲೆನಾ ದ್ವೀಪ ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿದೆ. ಅಲ್ಲಿ ಜೆಟ್‌ಗೆ ಸಾಲುವಷ್ಟು ಉದ್ದದ ರನ್‌ವೇ ಕಟ್ಟಿ 2016ರಲ್ಲಿ ಪರೀಕ್ಷೆಯ ಹಾರಾಟ ಮಾಡಿದಾಗ, ಕಡಿದಾದ ಬಂಡೆಯ ತಲೆಯ ಮೇಲೆ ಗಾಳಿ ಇದ್ದಕ್ಕಿದ್ದಂತೆ ದಿಕ್ಕು, ವೇಗ ಬದಲಿಸುವುದು ದೊಡ್ಡ ತೊಡಕಾಯಿತು. ವೇಳಾಪಟ್ಟಿಯ ವಿಮಾನ ಬಂದದ್ದು 2017ರ ಅಕ್ಟೋಬರಿನಲ್ಲಿ, ಅದೂ ಚಿಕ್ಕ ಜೆಟ್‌ನಲ್ಲಿ. ಅಲ್ಲಿಂದ ಸುಮಾರು 2,400 ಕಿಲೋಮೀಟರ್ ದೂರದಲ್ಲಿ, ಹೆಚ್ಚುಕಡಿಮೆ ನಿಮ್ಮ ಮಕ್ಕಳಿಬ್ಬರ ನಡುವಿನ ದೂರದಲ್ಲೇ, ಟ್ರಿಸ್ಟನ್ ಡ ಕುನ್ಹಾ ಎಂಬ ದ್ವೀಪವಿದೆ. ಅಲ್ಲಿ ವಿಮಾನ ನಿಲ್ದಾಣವೇ ಇಲ್ಲ. ಕೇಪ್‌ಟೌನಿನಿಂದ ಹಡಗು ಹತ್ತಿ ಒಂದು ವಾರ ಸಮುದ್ರದ ಮೇಲೆ ಕಳೆಯಬೇಕು.

ನಿಮಗೆ ಸಮಾಧಾನದ ಒಂದು ಸಂಗತಿ ಹೇಳುತ್ತೇನೆ. ನೇರ ವಿಮಾನ ಇಲ್ಲದಿದ್ದರೂ ನೀವು ಹೆಚ್ಚು ಸುತ್ತಬೇಕಾಗಿಲ್ಲ. ಅಗತ್ತಿಯಿಂದ ಬೆಂಗಳೂರಿಗೆ ಸುಮಾರು 657 ಕಿಲೋಮೀಟರ್, ಬೆಂಗಳೂರಿನಿಂದ ಪೋರ್ಟ್ ಬ್ಲೇರಿಗೆ 1,640. ಕೂಡಿದರೆ 2,297. ನೇರ ಗೆರೆಗಿಂತ ಬರೀ 54 ಕಿಲೋಮೀಟರ್ ಹೆಚ್ಚು, ಅಂಕೋಲೆಗೆ ಹೋಗಿ ಬಂದಷ್ಟೂ ಆಗಲಿಲ್ಲ. ಬೆಂಗಳೂರು ದಾರಿಯಲ್ಲೇ ಸಿಗುವ ಊರು ಎಂದುಕೊಳ್ಳಿ. ಹಾರಾಟದ ಹೊತ್ತನ್ನು ಬಾಗಿಲು ಮುಚ್ಚಿದಲ್ಲಿಂದ ಬಾಗಿಲು ತೆರೆಯುವವರೆಗೆ ಎಣಿಸಿದರೆ, ಎಟಿಆರ್‌ನಲ್ಲಿ ಮೊದಲ ತುಂಡಿಗೆ ಎರಡು ಗಂಟೆಗೆ ಸ್ವಲ್ಪ ಕಡಿಮೆ, ಜೆಟ್‌ನಲ್ಲಿ ಎರಡನೆಯ ತುಂಡಿಗೆ ಎರಡೂವರೆ ಗಂಟೆಯ ಆಸುಪಾಸು. ಒಟ್ಟು ನಾಲ್ಕೂವರೆ ಗಂಟೆ ಎಂದಿಟ್ಟುಕೊಳ್ಳಿ.

ಹಾಗಾದರೆ ಏಜೆಂಟರು ಎರಡು ದಿನ ಏಕೆ ಹೇಳಿದರು? ಕಾಯುವ ಹೊತ್ತಿನಿಂದಾಗಿ. ಒಳನಾಡಿನಿಂದ ಪೋರ್ಟ್ ಬ್ಲೇರಿಗೆ ಹೋಗುವ ವಿಮಾನಗಳಲ್ಲಿ ಬಹುಪಾಲು ನಸುಕಿನಿಂದ ಮಧ್ಯಾಹ್ನದೊಳಗೆ ಹೊರಡುತ್ತವೆ. ಅಗತ್ತಿಯ ವಿಮಾನ ಬೆಳಿಗ್ಗೆ ದಡದಿಂದ ಹೊರಟು, ಅಲ್ಲಿ ಇಳಿದು, ಮತ್ತೆ ಜನರನ್ನು ಹತ್ತಿಸಿಕೊಂಡು ಬರಬೇಕು. ನೀವು ಮಧ್ಯಾಹ್ನ 12ಕ್ಕೆ ಅಗತ್ತಿಯಿಂದ ಹೊರಟಿರಿ ಎನ್ನಿ. 2 ಗಂಟೆಗೆ ಬೆಂಗಳೂರು. ಆ ಹೊತ್ತಿಗೆ ಅಂದಿನ ಪೋರ್ಟ್ ಬ್ಲೇರ್ ವಿಮಾನಗಳು ಹೋಗಿಬಿಟ್ಟಿರುತ್ತವೆ. ರಾತ್ರಿ ಅಲ್ಲೇ ಕಳೆದು ಮರುದಿನ ಬೆಳಿಗ್ಗೆ 6ಕ್ಕೆ ಹತ್ತಿದರೆ ಎಂಟೂವರೆಗೆ ಮಗನ ಊರು. ಇಪ್ಪತ್ತೂವರೆ ಗಂಟೆಯಾಯಿತು. ಅದರಲ್ಲಿ ಹದಿನಾರು ಗಂಟೆ ಬೆಂಗಳೂರಿನಲ್ಲಿ ಕಾದದ್ದೇ.

ಗಾಳಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಮಳೆಗಾಲದಲ್ಲಿ ನಮ್ಮ ಅಂಗಳಕ್ಕೆ ಬೀಸುವುದು ಪಡುವಣ ಗಾಳಿ. ಆದರೆ ಅದೇ ಹೊತ್ತಿನಲ್ಲಿ, ಅದೇ ಅಂಗಳದ ನೆತ್ತಿಯ ಮೇಲೆ ಹದಿನಾಲ್ಕು ಹದಿನೈದು ಕಿಲೋಮೀಟರ್ ಎತ್ತರದಲ್ಲಿ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಹೊಳೆಯಂತೆ ಹರಿಯುತ್ತಿರುತ್ತದೆ. ನಮ್ಮವರೇ ಆದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ಈ ಪೂರ್ವದ ಜೆಟ್ ಪ್ರವಾಹದ ಬಗ್ಗೆ ಪ್ರಬಂಧ ಪ್ರಕಟಿಸಿ ಲೋಕದ ಗಮನ ಸೆಳೆದರು. ಜೆಟ್ ವಿಮಾನಗಳು ಹಾರುವ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರಕ್ಕೂ ಅದರ ಅಂಚು ತಾಗುತ್ತದೆ. ಬೆಂಗಳೂರಿನಿಂದ ಪೋರ್ಟ್ ಬ್ಲೇರಿಗೆ ಹೋಗುವಾಗ ಗಂಟೆಗೆ 60 ಕಿಲೋಮೀಟರಿನ ಎದುರುಗಾಳಿ ಇದೆ, ವಿಮಾನದ ಸ್ವಂತ ವೇಗ 830 ಎಂದುಕೊಳ್ಳಿ. ಹೋಗುವಾಗ ನೆಲದ ಮೇಲಿನ ವೇಗ 770, ಬರುವಾಗ 890. 1,640 ಕಿಲೋಮೀಟರಿಗೆ ಹದಿನೇಳು ನಿಮಿಷದ ಅಂತರ. ಆದ್ದರಿಂದ ಜುಲೈ ಆಗಸ್ಟ್‌ನಲ್ಲಿ ಮಗನ ಊರಿಗೆ ಹೋಗುವಾಗ ತಡವಾಗಿ, ಬರುವಾಗ ಬೇಗ ಬಂದೆವಲ್ಲ ಎನ್ನಿಸಿದರೆ ಅದಕ್ಕೆ ಕಾರಣ ಪೈಲಟ್ ಅಲ್ಲ.

ಈಗ ನಿಮ್ಮ ಕತ್ತಲು ಬೆಳಕಿನ ಪ್ರಶ್ನೆ. ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ನಿಮ್ಮ ಮಕ್ಕಳಿಬ್ಬರ ನಡುವೆ ಇಪ್ಪತ್ತೂವರೆ ಡಿಗ್ರಿ. ನಾಲ್ಕರಿಂದ ಗುಣಿಸಿದರೆ 82 ನಿಮಿಷ. ಮಗನ ಮನೆಯ ಮೇಲೆ ಸೂರ್ಯ ಬಂದ ಒಂದು ಗಂಟೆ 22 ನಿಮಿಷದ ಮೇಲೆ ಮಗಳ ಮನೆಯ ಮೇಲೆ ಬರುತ್ತಾನೆ. ಮುಳುಗುವುದೂ ಹಾಗೆಯೇ. ಕಾರವಾರದ ಲೆಕ್ಕದಲ್ಲಿ ಹೇಳುವುದಾದರೆ ಮಗ ನಿಮಗಿಂತ ಒಂದೂಕಾಲು ಗಂಟೆ ಮುಂದೆ, ಮಗಳು ಎಂಟು ನಿಮಿಷ ಹಿಂದೆ. ಕಾಳಿ ನದಿಯ ಸೇತುವೆಯ ಮೇಲೆ ನಿಂತು ನೀವು ಸೂರ್ಯ ಮುಳುಗುವುದನ್ನು ನೋಡುವಾಗ ಮಗಳಿಗೆ ಇನ್ನೂ ಎಂಟು ನಿಮಿಷದ ಬಿಸಿಲು ಉಳಿದಿರುತ್ತದೆ. ಮಗ ದೀಪ ಹಚ್ಚಿ ಗಂಟೆಯ ಮೇಲಾಗಿರುತ್ತದೆ. ಋತು ನೋಡಿ ಕೆಲವು ನಿಮಿಷ ಆಚೀಚೆ ಆಗಬಹುದು.

ಗಡಿಯಾರ ಮಾತ್ರ ದೇಶಕ್ಕೆಲ್ಲ ಒಂದೇ. ಪೂರ್ವ ರೇಖಾಂಶ 82.5 ಡಿಗ್ರಿಯ ಮೇಲಿನ ಸೂರ್ಯನ ಹೊತ್ತನ್ನೇ ಭಾರತದ ಕಾಲಮಾನ ಎಂದು ಇಟ್ಟುಕೊಂಡಿದ್ದೇವೆ. ಈಗ ಒಂದು ಸೋಜಿಗ ನೋಡಿ. ಅಗತ್ತಿಯ 72.18 ಮತ್ತು ಪೋರ್ಟ್ ಬ್ಲೇರಿನ 92.73, ಇವೆರಡನ್ನು ಕೂಡಿಸಿ ಅರ್ಧ ಮಾಡಿ. 82.45 ಬರುತ್ತದೆ. ನಿಮ್ಮ ಮಗಳ ಮನೆಗೂ ಮಗನ ಮನೆಗೂ ನಟ್ಟನಡುವಿನ ಬಿಂದು ಭಾರತದ ಗಡಿಯಾರದ ಗೆರೆಯ ಮೇಲೆಯೇ ಹೆಚ್ಚುಕಡಿಮೆ ಬಿದ್ದಿದೆ, ಬಂಗಾಳಕೊಲ್ಲಿಯ ನೀರಿನ ಮೇಲೆ. ಗಡಿಯಾರಕ್ಕಿಂತ ಮಗನ ಸೂರ್ಯ 41 ನಿಮಿಷ ಮುಂದೆ, ಮಗಳ ಸೂರ್ಯ 41 ನಿಮಿಷ ಹಿಂದೆ. ಎಷ್ಟೋ ವರ್ಷ ಈ ಅಂಕಿಗಳ ಜೊತೆ ಬಾಳಿದ ನಾನು ನಿಮ್ಮ ಪತ್ರ ಬರುವವರೆಗೆ ಈ ಎರಡು ಊರುಗಳನ್ನು ಹೀಗೆ ಜೋಡಿಸಿ ನೋಡಿಯೇ ಇರಲಿಲ್ಲ. ಟಿಕೆಟಿನ ಲೆಕ್ಕಕ್ಕೆ ಇದನ್ನು ಸೇರಿಸಬೇಕಾಗಿಲ್ಲ, ಎರಡೂ ಕಡೆ ಬರೆದಿರುವುದು ಭಾರತದ ಗಡಿಯಾರದ ಹೊತ್ತೇ. ಆದರೆ ನಿದ್ದೆಯ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಮಗನ ಮನೆಯಲ್ಲಿ ಐದೂವರೆಗೆಲ್ಲ ಕಿಟಕಿಯಲ್ಲಿ ಬೆಳಕು ತುಂಬಿ ನಿಮಗೆ ಎಚ್ಚರವಾಗುತ್ತದೆ. ಮೊದಲ ಎರಡು ದಿನ ಸಂಜೆಯ ಹೊತ್ತಿಗೇ ಕಣ್ಣು ಎಳೆಯುತ್ತದೆ.

ಇನ್ನು ಹೊರಡುವ ಮಾತು. ಕೊಚ್ಚಿಯಿಂದ ಅಗತ್ತಿಗೆ ಬಹಳ ಕಾಲದಿಂದ ವಿಮಾನವಿದೆ. 2024ರಲ್ಲಿ ಬೆಂಗಳೂರಿನಿಂದಲೂ ಗೋವಾದ ಮೋಪಾದಿಂದಲೂ ಆರಂಭವಾಯಿತು. ಮೋಪಾದಿಂದ ಅಗತ್ತಿಗೆ ಸುಮಾರು 575 ಕಿಲೋಮೀಟರ್, ಕಾರವಾರದವರಿಗೆ ಅದೇ ಹತ್ತಿರ. ಆದರೆ ಈ ದಾರಿಗಳ ವೇಳಾಪಟ್ಟಿ ಋತುವಿಗೊಮ್ಮೆ ಬದಲಾಗುತ್ತದೆ, ವಾರದ ಎಲ್ಲ ದಿನವೂ ಇರುವುದಿಲ್ಲ. ಆದ್ದರಿಂದ ಮೊದಲು ಅಗತ್ತಿಯ ವಿಮಾನ ಯಾವ ದಿನ ಇದೆ ಎಂದು ನೋಡಿ, ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿ. ಮೋಪಾ ವಿಮಾನ ಸಿಗದಿದ್ದರೆ ಕಾರವಾರದಿಂದ ರಾತ್ರಿಯ ಪಂಚಗಂಗಾ ರೈಲು ಹಿಡಿದು ಬೆಂಗಳೂರಿಗೆ ಹೋಗುವುದು ಒಳ್ಳೆಯದು. ರೈಲು ಇಳಿದ ದಿನವೇ ವಿಮಾನ ಹತ್ತುವ ಸಾಹಸ ಬೇಡ.

ಎರಡು ಬೇರೆ ಬೇರೆ ಕಂಪನಿಯ ಟಿಕೆಟ್ ಬೇರೆ ಬೇರೆಯಾಗಿ ತೆಗೆದರೆ ಒಂದು ಮಾತು ನೆನಪಿರಲಿ. ಅಗತ್ತಿಯ ವಿಮಾನ ತಡವಾಗಿ ಪೋರ್ಟ್ ಬ್ಲೇರ್ ವಿಮಾನ ತಪ್ಪಿದರೆ ಎರಡನೆಯ ಕಂಪನಿ ನಿಮಗಾಗಿ ಕಾಯುವುದಿಲ್ಲ, ಹಣವನ್ನೂ ಕೊಡುವುದಿಲ್ಲ. ನಾನಾದರೆ ಬೆಂಗಳೂರಿನಲ್ಲಿ ಒಂದಲ್ಲ, ಎರಡು ರಾತ್ರಿ ಇಟ್ಟುಕೊಳ್ಳುತ್ತೇನೆ. ಅಗತ್ತಿಯ ವಿಮಾನ ಒಂದು ದಿನ ರದ್ದಾದರೂ ಮುಂದಿನದು ಕೈತಪ್ಪುವುದಿಲ್ಲ. ದುಡ್ಡು ಸ್ವಲ್ಪ ಹೆಚ್ಚು ಹೋಗುತ್ತದೆ, ನಿಜ. ಬೆಂಗಳೂರಿನಲ್ಲಿ ನೆಂಟರ ಮನೆ ಇದ್ದರೆ ಅದೂ ಉಳಿಯಿತು. ತಿಂಗಳು ಆರಿಸಿಕೊಳ್ಳುವ ಅವಕಾಶ ಇದ್ದರೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಹೋಗಿ. ಜೂನ್‌ನಿಂದ ಸೆಪ್ಟೆಂಬರ್ ಈ ಪ್ರಯಾಣಕ್ಕೆ ಒಳ್ಳೆಯ ಕಾಲವಲ್ಲ. ಹಡಗಿನ ಯೋಚನೆ ಇದ್ದರೆ ಬಿಟ್ಟುಬಿಡಿ. ಚೆನ್ನೈನಿಂದ ಪೋರ್ಟ್ ಬ್ಲೇರಿಗೇ ಸುಮಾರು ಮೂರು ದಿನ ಬೇಕು.

ಟಿಕೆಟ್ ಹುಡುಕುವಾಗ ಅಗತ್ತಿಗೆ ಎಜಿಎಕ್ಸ್, ಪೋರ್ಟ್ ಬ್ಲೇರಿಗೆ ಐಎಕ್ಸ್‌ಜೆಡ್ ಎಂಬ ಸಂಕೇತ ಹಾಕಿ. ಪೋರ್ಟ್ ಬ್ಲೇರ್ ಹೆಸರನ್ನು 2024ರ ಸೆಪ್ಟೆಂಬರಿನಲ್ಲಿ ಶ್ರೀ ವಿಜಯಪುರಂ ಎಂದು ಬದಲಿಸಿರುವುದರಿಂದ ಕೆಲವು ಕಡೆ ಹೊಸ ಹೆಸರು ಬರಬಹುದು, ಗಾಬರಿಯಾಗಬೇಡಿ, ಊರು ಅದೇ. ಅಲ್ಲಿಗೆ ಹೋಗಲು ನಮ್ಮ ದೇಶದವರಿಗೆ ವಿಶೇಷ ಅನುಮತಿ ಬೇಕಿಲ್ಲ. ಲಕ್ಷದ್ವೀಪಕ್ಕೆ ಬೇಕು. ಪ್ರವೇಶದ ಅನುಮತಿ ಪತ್ರವಿಲ್ಲದೆ ಅಗತ್ತಿಯಲ್ಲಿ ಉಳಿಯುವಂತಿಲ್ಲ. ಮಗಳು ಅಲ್ಲೇ ಕೆಲಸದಲ್ಲಿರುವುದರಿಂದ ಏನೇನು ಕಾಗದ ಬೇಕೆಂದು ಅವಳಿಗೇ ಅಲ್ಲಿನ ಕಚೇರಿಯಲ್ಲಿ ವಿಚಾರಿಸಲು ಹೇಳಿ, ಅರ್ಜಿಯನ್ನು ಈಗಲೇ ಹಾಕಿಸಿ. ಅದು ಕೈಗೆ ಬಂದ ಮೇಲೆಯೇ ಏಜೆಂಟರ ಬಳಿಗೆ ಹೋಗಿ.